ಸ್ಪೀಕರ್ ಬ್ಯಾಫಲ್‌ಗೆ ರೂಟರ್ ಹಿಡಿಯೋದು ಕಲೀಬೇಕಾ? ಮೇಟಿ ಕೀಳೋದು ಕಡೇಲಿ

ನಾನು ಹಾಳು ಮಾಡಿದ ಮೊದಲನೇ ಬ್ಯಾಫಲ್, ಅಂದ್ರೆ ಸ್ಪೀಕರ್ ಪೆಟ್ಟಿಗೆಯ ಮುಂದಿನ ಹಲಗೆ, ಇನ್ನೂ ಮನೆ ಹಿಂದಿನ ಶೆಡ್ಡಲ್ಲಿ ಗೋಡೆಗೆ ಒರಗಿಸಿಟ್ಟಿದೀನಿ. 18 ಎಂಎಂ ಎಂಡಿಎಫ್ (ಮರದ ನಾರಿಗೆ ಗೋಂದು ಬೆರೆಸಿ ಒತ್ತಿ ಮಾಡಿದ ಹಲಗೆ), ಅಗಲ 220, ಉದ್ದ 380. ಆರೂವರೆ ಇಂಚಿನ ವೂಫರ್‌ಗೆ (ಬೇಸ್ ಹಾಡೋ ದೊಡ್ಡ ಸ್ಪೀಕರ್) ಕೊರೆದ ತೂತು ಚೆನ್ನಾಗೇ ಬಂದಿದೆ, ದುಂಡಗಿದೆ, ಅಂಚು ಎಲ್ಲೂ ಕಿತ್ತಿಲ್ಲ. ಆದ್ರೆ ಆ ತೂತಿನ ಸುತ್ತ ವೂಫರ್‌ನ ಲೋಹದ ಬಳೆ, ಅಂದ್ರೆ ಫ್ಲೇಂಜ್, ಹಲಗೆ ಮಟ್ಟಕ್ಕೆ ಕೂರೋಕೆ 4 ಎಂಎಂ ಆಳದ ಇನ್ನೊಂದು ಅಗಲವಾದ ತಗ್ಗು ಬೇಕಿತ್ತು, ಅದನ್ನ ಕೊರೆಯೋಣ ಅಂತ ಜಿಗ್, ಅಂದ್ರೆ ನಡುವಿನ ಪಿನ್ ಸುತ್ತ ರೂಟರನ್ನ ತಿರುಗಿಸೋ ಪಟ್ಟಿ, ಎತ್ಕೊಂಡು ಬಂದ್ರೆ ಪಿನ್ ಚುಚ್ಚೋಕೆ ನಡುವೆ ಮರಾನೇ ಇಲ್ಲ, ತೂತಿದೆ.

ನಮ್ಮ ಬೀದಿ ಕೊನೇಲಿ ಬಾಗಿಲು ಕಿಟಕಿ ಕೆಲಸ ಮಾಡೋ ಆಚಾರ್ರಿದಾರೆ, ಅವರಿಗೆ ತಗೊಂಡೋಗಿ ತೋರಿಸ್ದೆ. ಹಲಗೆ ಎರಡು ಸಲ ಮಗುಚಿ ನೋಡಿದ್ರು. "ಸ್ವಾಮಿ, ಮೇಟಿ ಕಿತ್ತಾಕ್ಬುಟ್ಟು ಎತ್ತು ತಿರುಗಿಸ್ತೀನಿ ಅಂದ್ರೆ ಹೆಂಗಾಯ್ತದೆ?" ಅಂದ್ರು. ಕಣದಲ್ಲಿ ಒಕ್ಕಣೆ ಮಾಡುವಾಗ ನಡುವೆ ನೆಡೋ ಕಂಬಾನೇ ಮೇಟಿ, ಎತ್ತಿನ ಹಗ್ಗ ಅದಕ್ಕೆ ಕಟ್ಟಿರತ್ತೆ, ಹಗ್ಗ ಎಷ್ಟುದ್ದವೋ ಅಷ್ಟು ದೊಡ್ಡ ಸುತ್ತು. ರೂಟರ್ ಅನ್ನೋ ಎತ್ತಿಗೆ ಜಿಗ್‌ನ ಪಿನ್ನೇ ಮೇಟಿ. ಬ್ಯಾಫಲ್ ಕೆಲಸ ಕಲಿಯೋದರಲ್ಲಿ ಮುಕ್ಕಾಲು ಪಾಲು ಇಷ್ಟೇ ಅಂತ ನನಗೆ ಈಗ ಅನ್ಸತ್ತೆ, ಯಾವ ಕಟ್ ಮೊದಲು ಯಾವುದು ಆಮೇಲೆ ಅನ್ನೋದು ಸ್ವಿಚ್ ಹಾಕೋ ಮುಂಚೆ ತಲೇಲಿ ತೀರ್ಮಾನ ಆಗಿರಬೇಕು. ಕೈಚಳಕ ಅನ್ನೋದು ನಾವು ಅಂದ್ಕೊಳ್ಳೋಕಿಂತ ಕಡಿಮೆ ಸಾಕು. (ಇದು ಮರ ಕೊರೆಯೋ ರೂಟರ್ ವಿಷಯ, ವೈಫೈ ರೂಟರ್ ಹುಡುಕ್ಕೊಂಡು ಬಂದವರು ಕ್ಷಮಿಸಿ.)

ಮೊದಲು ಈ ಹಲಗೆ ಯಾಕೆ ಬೇಕು ಅನ್ನೋದು ನೋಡೋಣ, ಅದು ತಿಳಿದ್ರೆ ಎಷ್ಟು ಕರಾರುವಾಕ್ಕಾಗಿ ಕೊರೀಬೇಕು, ಎಲ್ಲಿ ಸ್ವಲ್ಪ ಸಡಿಲ ಬಿಡಬಹುದು ಅನ್ನೋದೂ ತಿಳಿಯತ್ತೆ. ಸ್ಪೀಕರ್ ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಾಗತ್ತೆ, ಅದೇ ಕ್ಷಣಕ್ಕೆ ಹಿಂದಿನ ಗಾಳಿ ಸಡಿಲ ಆಗತ್ತೆ. ಹಲಗೆ ಇಲ್ದೇ ಬರೀ ಡ್ರೈವರ್ (ಪೆಟ್ಟಿಗೆ ಇಲ್ಲದ ಬಿಡಿ ಸ್ಪೀಕರ್) ಕೈಲಿ ಹಿಡ್ಕೊಂಡು ಹಾಡು ಹಾಕಿದ್ರೆ ಈ ಒತ್ತು ಆ ಸಡಿಲ ಎರಡೂ ಅಂಚು ಸುತ್ತಿ ಬಂದು ಒಂದನ್ನೊಂದು ತಿಂದು ಹಾಕ್ತವೆ, ಬೇಸ್ ಅನ್ನೋದೇ ಕೇಳ್ಸಲ್ಲ. ಅದಕ್ಕೇ ನಡುವೆ ಅಡ್ಡ ಹಲಗೆ. ಇದು ಬ್ಯಾಫಲ್‌ನ ಮೊದಲನೇ ಕೆಲಸ, ಇದಕ್ಕೆ ತೂತು ಸುಮಾರಾಗಿದ್ರೂ ನಡೆಯತ್ತೆ, ಗಾಳಿ ಸೋರಬಾರದು ಅಷ್ಟೆ.

ಎರಡನೇ ಕೆಲಸ ಸೂಕ್ಷ್ಮ. ಟ್ವೀಟರ್, ಅಂದ್ರೆ ಕೀಚಲು ಸದ್ದಿನ ಸಣ್ಣ ಸ್ಪೀಕರಿಂದ ಹೊರಟ ಸದ್ದು ಹಲಗೆ ಮೇಲೇ ಹರಡ್ಕೊಂಡು ಹೋಗತ್ತೆ, ದಾರೀಲಿ ಮೆಟ್ಟಿಲೋ ಚೂಪಾದ ಅಂಚೋ ಸಿಕ್ರೆ ಅಲ್ಲಿಂದ ಇನ್ನೊಂದು ಸಲ ಹೊರಡತ್ತೆ, ಅಲ್ಲೊಂದು ಪುಟ್ಟ ಸ್ಪೀಕರ್ ಇದೆಯೇನೋ ಅನ್ನೋ ಹಾಗೆ. ಆ ಎರಡನೇ ಸದ್ದು ಒಂದು ಚೂರು ತಡವಾಗಿ ಕಿವಿಗೆ ಬರೋದ್ರಿಂದ ಕೆಲವು ಫ್ರೀಕ್ವೆನ್ಸಿ ಏರತ್ತೆ, ಕೆಲವು ಇಳಿಯತ್ತೆ. ಇದಕ್ಕೆ ಡಿಫ್ರಾಕ್ಷನ್ ಅಂತಾರೆ. ಅಮೆರಿಕದ ಆರ್‌ಸಿಎ ಕಂಪನಿಯ ಪ್ರಯೋಗಾಲಯದ ಹ್ಯಾರಿ ಓಲ್ಸನ್ 1951ರಲ್ಲೇ ಬೇರೆ ಬೇರೆ ಆಕಾರದ ಪೆಟ್ಟಿಗೆಗಳನ್ನ ಅಳೆದು ತೋರಿಸಿದ್ರು, ಗೋಲದಲ್ಲಿ ರೆಸ್ಪಾನ್ಸ್ (ಒಂದೊಂದು ಫ್ರೀಕ್ವೆನ್ಸೀಲಿ ಬರೋ ಸದ್ದಿನ ಮಟ್ಟ) ನುಣ್ಣಗಿತ್ತು, ಚೂಪು ಅಂಚಿನ ಘನಾಕಾರದ ಪೆಟ್ಟಿಗೇಲಿ ಏರುಪೇರು ಜಾಸ್ತಿ ಇತ್ತು. ನಮ್ಮ ಕೈಲಿ ಗೋಲ ಮಾಡೋಕಾಗಲ್ಲ, ಆದ್ರೆ ಡ್ರೈವರ್ ಹಲಗೆ ಮಟ್ಟಕ್ಕೆ ಕೂರಿಸಬಹುದು, ಅಂಚು ದುಂಡಗೆ ಮಾಡಬಹುದು, ಎರಡಕ್ಕೂ ರೂಟರ್ರೇ ಬೇಕು.

ಲೆಕ್ಕ ಹಾಕಿ ನೋಡಿದ್ರೆ, ಸದ್ದಿನ ವೇಗ ಸೆಕೆಂಡಿಗೆ ಸುಮಾರು 345 ಮೀಟರ್, ಹಾಗಾಗಿ 3,000 ಹರ್ಟ್ಸ್‌ನ ಅಲೆಯುದ್ದ 115 ಎಂಎಂ, 10,000 ಹರ್ಟ್ಸ್‌ದು ಬರೀ 34 ಎಂಎಂ ಚಿಲ್ಲರೆ. ಟ್ವೀಟರ್ ಇರೋದು ಈ ಜಾಗದಲ್ಲೇ, ಇಲ್ಲಿ ಕೆಲವೇ ಎಂಎಂ ಎತ್ತರದ ಮೆಟ್ಟಿಲೂ ಲೆಕ್ಕಕ್ಕೆ ಬರತ್ತೆ. ವೂಫರ್ ಹಾಡೋದು 2,000 ಹರ್ಟ್ಸ್ ಕೆಳಗೆ ಅಂದ್ರೆ ಅದರ ಅಲೆಗೆ 4 ಎಂಎಂ ಏನೂ ಅಲ್ಲ. ಅದಕ್ಕೆ ನನ್ನ ಅಭಿಪ್ರಾಯ ಇದು, ಮೊದಲನೇ ಸಲ ಮಾಡ್ತಿದೀರಿ, ಟೈಮ್ ಕಮ್ಮಿ ಇದೆ ಅಂದ್ರೆ ಟ್ವೀಟರ್ ಒಂದನ್ನಾದ್ರೂ ಮಟ್ಟಕ್ಕೆ ಕೂರಿಸಿ. ವೂಫರ್ ಕೂರಿಸೋದು ಹೆಚ್ಚಿನಂಶ ಚೆಂದಕ್ಕೆ, ಮತ್ತೆ ಅದರ ಎತ್ತಿದ ಅಂಚು ಟ್ವೀಟರ್ ಪಕ್ಕದಲ್ಲೇ ಬರೋದ್ರಿಂದ ಟ್ವೀಟರ್‌ಗೆ ಅಡ್ಡ ಬರದಿರಲಿ ಅಂತ.

ಹಲಗೆ ತರುವಾಗ 18 ಎಂಎಂ ಎಂಡಿಎಫ್ ತನ್ನಿ, ಕಲಿಯೋಕೆ ಅದೇ ಸರಿ. ಅದರಲ್ಲಿ ನಾರಿನ ದಿಕ್ಕು ಅನ್ನೋದು ಇಲ್ಲ, ಎತ್ತ ಕೊರೆದ್ರೂ ಒಂದೇ ಥರ ಕೊರೆಯತ್ತೆ. ಪ್ಲೈವುಡ್ ಆದ್ರೆ ವೃತ್ತದ ಒಂದು ಕಡೆ ನುಣ್ಣಗೆ ಬಂದು ಇನ್ನೊಂದು ಕಡೆ ಮೇಲಿನ ಪದರ ಸಿಬಿರು ಸಿಬಿರಾಗಿ ಏಳತ್ತೆ. ಎಂಟು ನಾಲ್ಕಡಿ ಶೀಟ್ ಒಂದು ಹತ್ತಿರ ಹತ್ತಿರ 40 ಕೆಜಿ ತೂಗತ್ತೆ, ಅದನ್ನ ಮನೆಗೆ ಹೊತ್ಕೊಂಡು ಬಂದು ಕೈ ಗರಗಸದಲ್ಲಿ ಕುಯ್ಯೋ ಸಾಹಸ ಬೇಡ, ಪ್ಯಾನೆಲ್ ಸಾ, ಅಂದ್ರೆ ಶೀಟ್ ಕುಯ್ಯೋ ದೊಡ್ಡ ಮಿಷನ್ ಇರೋ ಕಡೆ ಅಳತೆ ಕೊಟ್ಟು ಕಟ್ ಮಾಡಿಸ್ಕೊಳ್ಳಿ. ಬೆಂಗಳೂರಿನವರಿಗೆ ಮೈಸೂರು ರಸ್ತೆ ಟಿಂಬರ್ ಯಾರ್ಡ್ ಲೇಔಟ್ ಇದೆ, ರೂಟರ್ ಬಿಟ್, ಕ್ಲಾಂಪು ಎಲ್ಲ ಎಸ್‌ಜೆಪಿ ರಸ್ತೇಲಿ, ಟರ್ಮಿನಲ್ಲು ವೈರು ಎಸ್‌ಪಿ ರಸ್ತೇಲಿ. ಜೊತೆಗೆ ಅದೇ 18 ಎಂಎಂನ ತುಂಡುಗಳು ಒಂದಷ್ಟು ಕೇಳಿ ಈಸ್ಕೊಳ್ಳಿ, ನಿಜವಾದ ಹಲಗೆಗಿಂತ ಮೊದಲು ಪ್ರತಿ ಕಟ್ಟೂ ತುಂಡಿನ ಮೇಲೆ ಆಗಬೇಕು.

ಈಗ ಮಿಷನ್. ಒಂದು ಮೋಟರ್, ಅದರ ತುದೀಲಿ ಕಾಲೆಟ್ ಅನ್ನೋ ಹಿಡಿ, ಆ ಹಿಡೀಲಿ ಬಿಟ್ ಅನ್ನೋ ಕೊರೆಯೋ ಅಲಗು, ಇಡೀ ಮೋಟರ್ ಒಂದು ಚಪ್ಪಟೆ ಬೇಸ್ ಮೇಲೆ ಕೂತಿರತ್ತೆ. ಅಷ್ಟೇ ರೂಟರ್. ನಮ್ಮ ಕಡೆ ಮೈಕಾ ಅಂಚು ಕತ್ತರಿಸೋಕೆ ಬಳಸೋ ಪುಟ್ಟ ಟ್ರಿಮ್ಮರ್ ಎಲ್ಲಾ ಆಚಾರ್ರ ಹತ್ರಾನೂ ಇರತ್ತೆ, ಅದರಲ್ಲೂ ಬ್ಯಾಫಲ್ ಮಾಡಬಹುದು, ಆದ್ರೆ ಅದಕ್ಕೆ ಪ್ಲಂಜ್ ಬೇಸ್ ಹಾಕಿದ್ರೆ ಮಾತ್ರ ಅಂತ ನಾನು ಹೇಳ್ತೀನಿ. ಪ್ಲಂಜ್ ಅಂದ್ರೆ ಬೇಸ್ ಹಲಗೆ ಮೇಲೆ ಕೂತಿದ್ದ ಹಾಗೇ ಮೋಟರ್ ಮಾತ್ರ ಸ್ಪ್ರಿಂಗ್ ಮೇಲೆ ನೇರವಾಗಿ ಕೆಳಗಿಳಿಯೋದು. ಅದಿಲ್ಲದಿದ್ರೆ ತಿರುಗ್ತಿರೋ ಬಿಟ್ಟನ್ನ ಓರೆಯಾಗಿ ಹಲಗೆಗೆ ಇಳಿಸಬೇಕಾಗತ್ತೆ, ಆ ಗಳಿಗೇಲೇ ವೃತ್ತ ಕೆಡೋದು.

ಕಾಲೆಟ್ ವಿಷಯದಲ್ಲಿ ನಿಧಾನ ಮಾಡಿ, ಇಲ್ಲೇ ನನ್ನ ಎರಡನೇ ಹಲಗೆ ಹೋಯ್ತು. ನಮ್ಮ ಮಾರ್ಕೆಟ್ಟಲ್ಲಿ 6 ಎಂಎಂ ದಂಡಿನ ಬಿಟ್ಟೂ ಸಿಗತ್ತೆ, ಕಾಲಿಂಚಿಂದೂ ಸಿಗತ್ತೆ, ಕಾಲಿಂಚು ಅಂದ್ರೆ 6.35 ಎಂಎಂ, ಕಣ್ಣಿಗೆ ಎರಡೂ ಒಂದೇ. ಕಾಲಿಂಚಿನ ಕಾಲೆಟ್ಟಿಗೆ 6 ಎಂಎಂ ಬಿಟ್ ಹಾಕಿ ಬಿಗಿ ಮಾಡ್ದೆ, ಬಿಗಿಯಾದ ಹಾಗೇ ಅನ್ನಿಸ್ತು. ಕೊರೀತಾ ಕೊರೀತಾ ಬಿಟ್ ಸ್ವಲ್ಪ ಸ್ವಲ್ಪವೇ ಕೆಳಗೆ ಜಾರಿ, 4 ಎಂಎಂ ಆಳಕ್ಕೆ ಶುರುವಾದ ತಗ್ಗು ಸುತ್ತು ಮುಗಿಯೋಷ್ಟರಲ್ಲಿ 7 ಎಂಎಂ ಆಗಿತ್ತು. ಹಲಗೆ ಹೋದದ್ದು ಸಣ್ಣ ವಿಷಯ, ಬಿಟ್ ಪೂರ್ತಿ ಕಳಚಿಕೊಂಡು ಹಾರಿದ್ರೆ ಏನಾಗ್ತಿತ್ತು ಅಂತ ಈಗಲೂ ಯೋಚಿಸ್ತೀನಿ. ಈ 0.35 ಎಂಎಂ ವ್ಯತ್ಯಾಸ ಅಷ್ಟು ದೊಡ್ಡದು. ಒಂದು ವರ್ನಿಯರ್ ಕ್ಯಾಲಿಪರ್ ತಗೊಳ್ಳಿ, ಡಿಜಿಟಲ್ಲೇ ಆಗಬೇಕು ಅಂತಿಲ್ಲ, ಬಿಟ್‌ನ ದಂಡು ಅಳೆದೇ ಕಾಲೆಟ್ಟಿಗೆ ಹಾಕಿ. ಹಾಕುವಾಗ ತಳ ಮುಟ್ಟೋವರೆಗೆ ಇಳಿಸಿ, ಆಮೇಲೆ 2-3 ಎಂಎಂ ಮೇಲಕ್ಕೆ ಎಳೆದು ಬಿಗಿ ಮಾಡಿ, ತಳಕ್ಕೆ ಒತ್ತಿಟ್ಟು ಬಿಗಿ ಮಾಡಿದ್ರೆ ಕಾಲೆಟ್ ಸರಿಯಾಗಿ ಹಿಡಿಯಲ್ಲ. ಮತ್ತೆ ಬಿಟ್ ಮುಟ್ಟೋ ಮುಂಚೆ ಪ್ಲಗ್ ಕೀಳಿ, ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಗೋಡೆಯಿಂದ ಈಚೆ ಬಂದಿರಬೇಕು.

ಬಿಟ್‌ಗಳಲ್ಲಿ ಶುರುವಿಗೆ ಮೂರೇ ಸಾಕು: ವೃತ್ತ ಕೊರೆಯೋಕೆ 6 ಎಂಎಂ ನೇರ ಬಿಟ್, ಅಂಚು ದುಂಡಗೆ ಮಾಡೋಕೆ ಬೇರಿಂಗ್ ಇರೋ ರೌಂಡೋವರ್, ಹಿಂಬದಿ ಅಂಚು ಓರೆಯಾಗಿ ಸವರೋಕೆ 45 ಡಿಗ್ರಿ ಚಾಂಫರ್. ಎಲ್ಲಾ ಕಾರ್ಬೈಡ್ ತುದಿಯದೇ ಆಗಿರಲಿ, ಎಂಡಿಎಫ್ ಒಳಗಿನ ಗೋಂದು ಮಾಮೂಲಿ ಸ್ಟೀಲ್ ಬಿಟ್‌ನ ಬಾಯಿ ಬೇಗ ಮೊಂಡು ಮಾಡತ್ತೆ. ನೂರು ಪೀಸಿನ ಅಗ್ಗದ ಸೆಟ್ ನೋಡಿ ಆಸೆ ಪಡಬೇಡಿ, ಮೂರು ಒಳ್ಳೇದು ತಗೊಳ್ಳಿ.

ವೇಗದ ಬಗ್ಗೆ ಎಲ್ಲರಿಗೂ ಗೊಂದಲ. ರೂಟರ್ ನಿಮಿಷಕ್ಕೆ 10,000ದಿಂದ 30,000 ಸುತ್ತು ತಿರುಗತ್ತೆ, ಡಯಲ್ ಯಾವ ನಂಬರಲ್ಲಿ ಇಡಬೇಕು? ಬಿಟ್‌ನ ಅಂಚು ಎಷ್ಟು ವೇಗದಲ್ಲಿ ಹೋಗ್ತಿದೆ ಅನ್ನೋದು ನೋಡಬೇಕು, ಅದು ಬಿಟ್ ದಪ್ಪದ ಮೇಲೆ ನಿಂತಿದೆ. 6 ಎಂಎಂ ಬಿಟ್ 30,000ದಲ್ಲಿ ತಿರುಗಿದ್ರೆ ಅದರ ಅಂಚು ಸೆಕೆಂಡಿಗೆ 9-10 ಮೀಟರ್ ಹೋಗತ್ತೆ ಅಷ್ಟೆ. ಅದೇ 50 ಎಂಎಂ ಅಗಲದ ದೊಡ್ಡ ರೌಂಡೋವರ್ ಬಿಟ್ 30,000ದಲ್ಲಿ ತಿರುಗಿಸಿದ್ರೆ ಅಂಚಿನ ವೇಗ ಸೆಕೆಂಡಿಗೆ 78 ಮೀಟರ್, ಅಂದ್ರೆ ಗಂಟೆಗೆ 280 ಕಿಲೋಮೀಟರ್ ಮೇಲೆ! ಅದಕ್ಕೇ ಸಣ್ಣ ಬಿಟ್‌ಗೆ ಜೋರು, ದೊಡ್ಡ ಬಿಟ್‌ಗೆ ನಿಧಾನ. ಬಿಟ್ ಪ್ಯಾಕ್ ಮೇಲೆ ಗರಿಷ್ಠ ವೇಗ ಬರೆದಿರತ್ತೆ, ಅದನ್ನ ದಾಟಬೇಡಿ.

ಇದಕ್ಕೆ ಅಂಟಿಕೊಂಡಂಗೇ ಇರೋ ಇನ್ನೊಂದು ಲೆಕ್ಕ ಕೈ ಎಷ್ಟು ಬೇಗ ತಳ್ಳಬೇಕು ಅನ್ನೋದು. ಹೊಸಬರು ಹೆದರಿ ತುಂಬಾ ನಿಧಾನ ತಳ್ತಾರೆ, ನಿಧಾನ ಅಂದ್ರೆ ಜೋಪಾನ ಅಂದ್ಕೊಂಡು. ಆದ್ರೆ ಎರಡು ಬಾಯಿಯ ಬಿಟ್ 20,000ದಲ್ಲಿ ತಿರುಗ್ತಿದ್ರೆ ನಿಮಿಷಕ್ಕೆ 40,000 ಸಲ ಮರ ಕಡಿಯತ್ತೆ, ನೀವು ನಿಮಿಷಕ್ಕೆ 2 ಮೀಟರ್ ತಳ್ಳಿದ್ರೆ ಒಂದೊಂದು ಕಡಿತಕ್ಕೆ 0.05 ಎಂಎಂ ಮರ ಸಿಗತ್ತೆ. ಅರ್ಧ ಮೀಟರ್ ತಳ್ಳಿದ್ರೆ ಅದರ ಕಾಲು ಭಾಗ. ಆಗ ಬಿಟ್ ಮರ ಕಡಿಯಲ್ಲ, ಉಜ್ಜತ್ತೆ, ಉಜ್ಜಿದ್ರೆ ಕಾವು, ಕಾವಿಗೆ ಅಂಚು ಕಪ್ಪಾಗಿ ಬಿಟ್ಟೂ ಮೊಂಡಾಗತ್ತೆ. ಸುಟ್ಟ ವಾಸನೆ ಬಂತು ಅಂದ್ರೆ ಕೈ ಸ್ವಲ್ಪ ಬೇಗ ಹೋಗಲಿ, ಇಲ್ಲಾ ಡಯಲ್ ಇಳಿಸಿ. ಸದ್ದಲ್ಲೇ ಗೊತ್ತಾಗತ್ತೆ, ಸರಿಯಾದ ವೇಗದಲ್ಲಿ ಒಂದೇ ಶ್ರುತೀಲಿ ಗುಂಯ್ ಅಂತಿರತ್ತೆ, ಜಾಸ್ತಿ ಒತ್ತಿದ್ರೆ ಶ್ರುತಿ ಇಳಿಯತ್ತೆ, ಮೋಟರ್ ಒದ್ದಾಡ್ತಿದೆ ಅಂತ ಅರ್ಥ. ಆಳ ಒಂದು ಸಲಕ್ಕೆ 3 ಎಂಎಂ, ಅಂದ್ರೆ ಬಿಟ್ ದಪ್ಪದ ಅರ್ಧ. 18 ಎಂಎಂ ಹಲಗೆ ಪೂರ್ತಿ ದಾಟೋಕೆ ಆರು ಸುತ್ತು ಬೇಕು, ಆರೇ ಸುತ್ತಿ.

ದಿಕ್ಕು. ಇದನ್ನ ಬಾಯಿಪಾಠ ಮಾಡೋ ಬದಲು ಯಾಕೆ ಅಂತ ತಿಳ್ಕೊಂಡ್ರೆ ಮರೆಯಲ್ಲ. ಮೇಲಿಂದ ನೋಡಿದ್ರೆ ಬಿಟ್ ಗಡಿಯಾರದ ಮುಳ್ಳಿನ ಹಾಗೆ ತಿರುಗತ್ತೆ. ರೂಟರನ್ನ ನಿಮ್ಮಿಂದ ಮುಂದಕ್ಕೆ ತಳ್ಳಿ, ಬಿಟ್‌ನ ಮುಂದಿನ ಬಾಯಿ ಬಲಕ್ಕೆ ಕಡೀತಾ ಹೋಗತ್ತೆ, ಮರ ಅದನ್ನ ಎದುರು ದಿಕ್ಕಿಗೆ ತಳ್ಳತ್ತೆ, ಹಾಗಾಗಿ ಇಡೀ ರೂಟರ್ ಎಡಕ್ಕೆ ಎಳೆಯತ್ತೆ. ಅದಕ್ಕೇ ನೇರ ಗೆರೆ ಕೊರೆಯುವಾಗ ಆಸರೆ ಪಟ್ಟಿ ರೂಟರ್‌ನ ಎಡಗಡೆ ಕ್ಲಾಂಪ್ ಮಾಡೋದು, ಎಳೆತ ರೂಟರನ್ನ ಪಟ್ಟಿಗೇ ಒತ್ತಿ ಹಿಡಿಯತ್ತೆ. ವೃತ್ತಕ್ಕೂ ಇದೇ ಲೆಕ್ಕ, ತೂತಿನ ಒಳಗೋಡೆ ಕೊರೆಯುವಾಗ ಪ್ರದಕ್ಷಿಣೆ, ಹಲಗೆಯ ಹೊರ ಅಂಚು ಕೊರೆಯುವಾಗ ಅಪ್ರದಕ್ಷಿಣೆ. ಈ ದಿಕ್ಕಲ್ಲಿ ಹೋದಾಗ ಕೈಗೆ ಎದುರೊತ್ತಡ ಸಿಗತ್ತೆ, ಆ ಎದುರೊತ್ತಡ ಒಳ್ಳೇದು, ರೂಟರ್ ನಿಮ್ಮ ಮಾತು ಕೇಳ್ತಿದೆ ಅಂತ. ಉಲ್ಟಾ ಹೋದ್ರೆ ಬಿಟ್ ಚಕ್ರದ ಹಾಗೆ ಮರದ ಮೇಲೆ ಉರುಳಿ ಓಡೋಕೆ ನೋಡತ್ತೆ, ರೂಟರ್ ಕೈಯಿಂದ ಕಿತ್ತುಕೊಂಡು ಹೋದ ಹಾಗಾಗತ್ತೆ, ಅದು ಹೊಸಬರಿಗೆ ಅಪಾಯ.

ಜಿಗ್ ಕೊಂಡುಕೊಳ್ಳೋಕಿಂತ ಮಾಡ್ಕೊಳ್ಳಿ. 6 ಎಂಎಂ ಪ್ಲೈ ಅಥವಾ ಅಕ್ರಿಲಿಕ್ ಪಟ್ಟಿ, ರೂಟರ್ ಬೇಸ್‌ನಷ್ಟು ಅಗಲ, ಒಂದು ಮುನ್ನೂರು ಎಂಎಂ ಉದ್ದ. ರೂಟರ್‌ನ ಪ್ಲಾಸ್ಟಿಕ್ ತಳ ಬಿಚ್ಚಿ ಅದನ್ನೇ ಅಚ್ಚಾಗಿ ಇಟ್ಕೊಂಡು ಸ್ಕ್ರೂ ತೂತು ಗುರುತು ಹಾಕಿ, ಕೊರೆದು, ಪಟ್ಟಿಗೆ ರೂಟರ್ ಬಿಗಿದು, ಬಿಟ್ ಇಳಿಸಿ ಪಟ್ಟೀಲಿ ಅದರ ತೂತು ಅದೇ ಮಾಡ್ಕೊಳ್ಳಲಿ. ಇನ್ನು ಪಿನ್ನಿಗೆ 3 ಎಂಎಂ ಡ್ರಿಲ್ ಬಿಟ್‌ನ ದಂಡು ಚೆನ್ನಾಗಿರತ್ತೆ, ಮೊಳೆ ಬೇಡ, ಮೊಳೆ ಪೂರ್ತಿ ದುಂಡಗಿರಲ್ಲ, ತೂತಲ್ಲಿ ಅಲ್ಲಾಡತ್ತೆ, ಪಿನ್ ಅಲ್ಲಾಡಿದಷ್ಟೂ ವೃತ್ತ ಮೊಟ್ಟೆ ಆಗತ್ತೆ. ಟ್ವೀಟರ್‌ನ ಸಣ್ಣ ವೃತ್ತಕ್ಕೆ ಪಿನ್ ರೂಟರ್‌ನ ಬೇಸ್ ಕೆಳಗೇ ಬರತ್ತೆ, ಹೆದರಬೇಡಿ, ಅಲ್ಲಿಗೆ ಪಟ್ಟಿಯ ಕೆಳಗಿಂದ ಪಿನ್ ಒಳಗೆ ಹೋಗೋ ಹಾಗೆ ಮಟ್ಟವಾಗಿ ಕತ್ತರಿಸಿದ ಗಿಡ್ಡ ಪಿನ್ ಹಾಕಿ.

ಅಳತೆ ಹೀಗೆ. ನನ್ನ ವೂಫರ್‌ನ ಫ್ಲೇಂಜ್ ಕ್ಯಾಲಿಪರಲ್ಲಿ 166 ಎಂಎಂ ಬಂತು. ಡೇಟಾಶೀಟ್ ನಂಬೋದರ ಜೊತೆ ಕೈಲಿರೋ ಡ್ರೈವರನ್ನೂ ಅಳೀರಿ, ಎರಡು ದಿಕ್ಕಲ್ಲಿ ಅಳೀರಿ. ಪೇಂಟ್ ಬಳಿದ ಮೇಲೂ ಸಲೀಸಾಗಿ ಕೂರಲಿ ಅಂತ 1 ಎಂಎಂ ಸೇರಿಸಿ 167, ಅದರ ಅರ್ಧ 83.5. ಬಿಟ್‌ಗೂ ದಪ್ಪ ಇದೆಯಲ್ಲ, 6 ಎಂಎಂ, ಅದರ ಅರ್ಧ 3 ಕಳೆದ್ರೆ ಪಿನ್ನಿಂದ ಬಿಟ್ ನಡುವಿಗೆ 80.5 ಎಂಎಂ. ಈ ಅರ್ಧ ಬಿಟ್ ಕಳೆಯೋದು ಮರೆತ್ರೆ ತಗ್ಗು 6 ಎಂಎಂ ದೊಡ್ಡದಾಗಿ ಡ್ರೈವರ್ ಸುತ್ತ ಸಂದು ಉಳಿಯತ್ತೆ. ಲೆಕ್ಕ ಬೇಡ ಅಂದ್ರೆ ಬಿಟ್‌ನ ಬಾಯಿ ಪಟ್ಟಿ ಉದ್ದಕ್ಕೆ ಸರಿಯಾಗಿ ತಿರುಗಿಸಿಟ್ಟು, ಅದರ ಹೊರ ಅಂಚಿಂದ ಪಿನ್ ನಡುವಿಗೆ ನೇರವಾಗಿ 83.5 ಅಳೆದುಬಿಡಿ, ಎರಡೂ ಒಂದೇ.

ಒಳಗಿನ ಆರಪಾರ ತೂತು 146 ಎಂಎಂ, ಅರ್ಧ 73, ಬಿಟ್ ಅರ್ಧ ಕಳೆದು 70. ಈಗ ನೋಡಿ, 80.5ರಲ್ಲಿ ಸುತ್ತಿದ ಗಾಡಿ ಜಾಡಿನಂಥ ಗೆರೆ ನಡುವಿನಿಂದ 77.5ರಿಂದ 83.5ವರೆಗೆ ಮರ ತೆಗೆಯತ್ತೆ, ಆದ್ರೆ ಫ್ಲೇಂಜ್ ಕೂರೋ ಜಾಗ 73ರಿಂದ 83.5. ನಡುವೆ ನಾಲ್ಕೂವರೆ ಎಂಎಂ ಮರದ ದಿಂಡು ಉಳ್ಕೊಳ್ಳತ್ತೆ. ಅದಕ್ಕೆ 75ರಲ್ಲಿ ಇನ್ನೊಂದು ಪಿನ್ ತೂತು, ಅದು 72ರಿಂದ 78ವರೆಗೆ ಗುಡಿಸತ್ತೆ. ಹೀಗೆ ಒಂದು ವೂಫರ್‌ಗೆ ಪಟ್ಟೀಲಿ ಮೂರು ಪಿನ್ ತೂತು, 80.5, 75, 70, ಪಕ್ಕದಲ್ಲೇ ಪೆನ್ನಲ್ಲಿ ಬರೆದಿಡಿ. ಬಿಟ್ ಬದಲಾದ್ರೆ ಈ ಅಳತೆಗಳು ಉಪಯೋಗಕ್ಕೆ ಬರಲ್ಲ, ಪ್ಯಾಕ್ ಮೇಲೆ 6 ಎಂಎಂ ಅಂತಿದ್ರೂ ಸಾಣೆ ಹಿಡಿಸಿದ ಬಿಟ್ 5.8 ಕೊರೀಬಹುದು, ತುಂಡಿನ ಮೇಲೆ ಒಂದು ಗೆರೆ ಕೊರೆದು ಆ ಗೆರೆಯನ್ನೇ ಅಳೀರಿ.

ಕೊರೆಯೋ ಕ್ರಮ ಈಗ ತಾನೇ ಗೊತ್ತಾಗಿರತ್ತೆ. ದೊಡ್ಡ ಸುತ್ತು ಮೊದಲು, ಆಳ ಕಮ್ಮಿ ಇರೋದು. ಆಮೇಲೆ ನಡುವಿನ ದಿಂಡು. ಆರಪಾರ ತೂತು ಎಲ್ಲಕ್ಕಿಂತ ಕಡೆಗೆ, ಯಾಕಂದ್ರೆ ಅದರ ಜೊತೆ ಮೇಟೀನೂ ಹೋಗತ್ತೆ. ವೂಫರ್ ಒಂದರದ್ದೇ ಪೂರ್ತಿ ಮುಗಿಸಿಬಿಡೋದಕ್ಕಿಂತ ನಾನು ವೂಫರ್ ಟ್ವೀಟರ್ ಎರಡರ ತಗ್ಗೂ ಕೊರೆದು, ಡ್ರೈವರ್ ಎರಡನ್ನೂ ಬೋರಲು ಹಾಕಿ ಫ್ಲೇಂಜ್ ಕೂರತ್ತಾ ಅಂತ ನೋಡೇ ಮುಂದಿನ ಕೆಲಸಕ್ಕೆ ಹೋಗೋದು, ಬೋರಲು ಹಾಕುವಾಗ ಕೋನ್‌ಗಾಗಲೀ ಟ್ವೀಟರ್ ಡೋಮ್‌ಗಾಗಲೀ ಏನೂ ತಾಗದ ಹಾಗೆ ಅಂಚಲ್ಲಿ ಹಿಡ್ಕೊಂಡು. ಬಿಗಿಯಾದ್ರೆ ಪಿನ್ ತೂತು ಅರ್ಧ ಎಂಎಂ ಸರಿಸಿ ಇನ್ನೊಂದು ಸುತ್ತು ಹೋಗೋಕೆ ಮೇಟಿ ಇನ್ನೂ ಇರತ್ತೆ.

ತಗ್ಗಿನ ಆಳಕ್ಕೆ ಸ್ಕೇಲ್ ಹಿಡಿದು ಒದ್ದಾಡಬೇಡಿ. ಪ್ಲಂಜ್ ಬೇಸಲ್ಲಿ ಆಳ ತಡೆಯೋ ಒಂದು ಕಡ್ಡಿ ಇರತ್ತೆ, ಅದರ ಕೆಳಗೊಂದು ಮೊಳಕೆಯಂಥ ಗಿಡ್ಡ ಉಬ್ಬು, ಕಡ್ಡಿ ಅದಕ್ಕೆ ತಾಗಿ ನಿಲ್ಲೋದು. ಬಿಟ್ಟನ್ನ ಹಲಗೆ ಮುಟ್ಟೋ ಹಾಗೆ ಇಳಿಸಿ ಲಾಕ್ ಮಾಡಿ, ಕಡ್ಡಿಗೂ ಮೊಳಕೆಗೂ ನಡುವೆ ಡ್ರೈವರ್‌ನ ಫ್ಲೇಂಜ್ ದಪ್ಪದಷ್ಟೇ ಇರೋ ಏನಾದ್ರೂ ಇಟ್ಟು ಕಡ್ಡಿ ಬಿಗಿ ಮಾಡಿ, ತೆಗೆದುಬಿಡಿ. 4 ಎಂಎಂ ಫ್ಲೇಂಜ್‌ಗೆ 4 ಎಂಎಂ ಡ್ರಿಲ್ ಬಿಟ್‌ನ ದಂಡು. ಇನ್ನು ಆ ಅಳತೆ ಕೂರುತ್ತೆ, ರೂಟರ್ ಅದರಾಚೆ ಇಳಿಯಲ್ಲ. ಫ್ಲೇಂಜ್ ಕೆಳಗೆ ಗ್ಯಾಸ್ಕೆಟ್ (ಗಾಳಿ ಸೋರದ ಹಾಗೆ ಹಾಕೋ ಮೆತ್ತನೆ ಬಳೆ) ಇದ್ರೆ ಅದು ಒತ್ತಿದ ಮೇಲೆ ಎಷ್ಟು ದಪ್ಪ ಉಳಿಯತ್ತೋ ಅಷ್ಟು ಸೇರಿಸಿ. ಮುಂದೆ ಮೈಕಾ ಅಂಟಿಸ್ತೀರಿ ಅಂದ್ರೆ ಹಲಗೆ 1 ಎಂಎಂ ದಪ್ಪ ಆಗೋದ್ರಿಂದ ಅಂಟಿಸಿ ಆಮೇಲೇ ಕೊರೆಯೋದು ಮೇಲು.

ಈಗ ಕಡೇ ಸುತ್ತು, ಇಲ್ಲಿ ಉಸಿರು ಬಿಗಿ ಹಿಡಿಯಬೇಕಾದ ಕ್ಷಣ. ಆರಪಾರ ತೂತಿನ ಆರನೇ ಸುತ್ತು ಮುಗಿದ ತಕ್ಷಣ ನಡುವಿನ ದುಂಡು ಬಿಲ್ಲೆ ಹಲಗೆಯಿಂದ ಬಿಡುಗಡೆ ಆಗತ್ತೆ, ಪಿನ್ ಇರೋದು ಆ ಬಿಲ್ಲೇಲೇ, ಬಿಲ್ಲೆ ಜರುಗಿದ್ರೆ ರೂಟರ್ ಹಗ್ಗ ಕಡಿದ ಎತ್ತಿನ ಹಾಗೆ ತೂತಿನ ಗೋಡೆಗೆ ನುಗ್ಗತ್ತೆ. ನಾನು ಮಾಡೋದು ಇಷ್ಟು, ಹಲಗೆ ಕೆಳಗೆ ಬೇಡದ ಎಂಡಿಎಫ್ ತುಂಡೊಂದನ್ನ ಇಟ್ಟು, ಬಿಲ್ಲೆ ಬರೋ ಜಾಗಕ್ಕೆ ಎರಡೂ ಕಡೆ ಅಂಟೋ ಟೇಪ್ ಹಾಕಿ, ಹಿಂದಿನಿಂದ ಎರಡು ಸ್ಕ್ರೂ ಕೂಡ ಬಿಲ್ಲೆಗೆ ಹೊಡೀತೀನಿ, ಬಿಟ್ ಹೋಗೋ ದಾರಿಯಿಂದ ದೂರಕ್ಕೆ. ಹಲಗೇನೂ ಅದೇ ತುಂಡಿಗೆ ಕ್ಲಾಂಪ್. ಆಗ ಬಿಲ್ಲೆ ಬೇರೆಯಾದ್ರೂ ಕದಲಲ್ಲ. ಇನ್ನೊಂದು ದಾರಿ ಅಂದ್ರೆ ಕಡೇ 1 ಎಂಎಂ ಉಳಿಸಿ, ಕೈ ಗರಗಸದಲ್ಲಿ ಕುಯ್ದು ಬಿಲ್ಲೆ ತೆಗೆದು, ಉಳಿದ ತೆಳು ಪದರಾನ ಬೇರಿಂಗ್ ಇರೋ ಫ್ಲಶ್ ಟ್ರಿಮ್ ಬಿಟ್ಟಲ್ಲಿ ಸವರೋದು. ಎರಡೂ ಸರಿ. ಸುತ್ತು ಮುಗಿದ ಮೇಲೆ ಮೊದಲು ಬಿಟ್ಟನ್ನ ಮೇಲಕ್ಕೆ ಎತ್ತಿ, ಆಮೇಲೆ ಸ್ವಿಚ್ ಆಫ್, ಮೋಟರ್ ಪೂರ್ತಿ ನಿಲ್ಲೋವರೆಗೂ ರೂಟರ್ ಅಲ್ಲೇ ಹಿಡ್ಕೊಂಡಿರಿ.

ನಮ್ಮ ಊರುಗಳಿಗೆ ಅಂತಲೇ ಇರೋ ಒಂದು ಎಚ್ಚರಿಕೆ: ಕೊರೀತಾ ಇರುವಾಗ ಕರೆಂಟ್ ಹೋದ್ರೆ ಮೊದಲು ರೂಟರ್‌ನ ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ, ಆಮೇಲೆ ಬೇರೆ ಮಾತು. ಬಹಳಷ್ಟು ರೂಟರ್‌ಗಳು ಕರೆಂಟ್ ಬಂದ ತಕ್ಷಣ ತಾವೇ ಶುರುವಾಗ್ತವೆ, ಆಗ ಅದು ಮೇಜಿನ ಮೇಲೆ ಮಲಗಿದ್ರೆ ಏನಾಗತ್ತೆ ಅಂತ ಬೇರೆ ಹೇಳಬೇಕಿಲ್ಲ.

ಧೂಳಿನ ಬಗ್ಗೆ ಉದಾಸೀನ ಮಾಡಬೇಡಿ, ದಯವಿಟ್ಟು. ಗರಗಸದ ಹೊಟ್ಟು ಕಣ್ಣಿಗೆ ಕಾಣತ್ತೆ, ನೆಲಕ್ಕೆ ಬೀಳತ್ತೆ. ರೂಟರಿಂದ ಬರೋ ಎಂಡಿಎಫ್ ಧೂಳು ರಾಗಿ ಹಿಟ್ಟಿಗಿಂತ ನುಣ್ಣಗೆ, ಗಂಟೆಗಟ್ಟಲೆ ಗಾಳೀಲಿ ತೇಲತ್ತೆ. ಮರದ ಧೂಳನ್ನೂ, ಎಂಡಿಎಫ್ ಗೋಂದಲ್ಲಿರೋ ಫಾರ್ಮಾಲ್ಡಿಹೈಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರೋ ಮೊದಲನೇ ಗುಂಪಲ್ಲಿ ಸೇರಿಸಿದೆ. ಟವೆಲ್ ಕಟ್ಕೊಂಡ್ರೆ ಸಾಲದು, ಎನ್95 ಮಾಸ್ಕೇ ಹಾಕಿ, ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್. ಸ್ಪೀಕರ್ ಮಾಡೋದೇ ಕೇಳೋಕೆ, ಆ ಕಿವೀನೇ ಕೆಡಿಸ್ಕೊಂಡ್ರೆ ಹೇಗೆ. ಜೋಲಾಡೋ ಶರ್ಟು, ಪಂಚೆ, ವೇಲು, ಕೈಗೆ ಕಟ್ಟಿದ ದಾರ ಯಾವುದೂ ಬಿಟ್ ಹತ್ರ ಬರಬಾರದು, ಮತ್ತೆ ಮಕ್ಕಳು ಕುತೂಹಲಕ್ಕೆ ಹತ್ರ ಬರ್ತಾರೆ, ಶೆಡ್ಡಿನ ಬಾಗಿಲು ಹಾಕ್ಕೊಂಡು ಕಿಟಕಿ ತೆಗೆದಿಟ್ಕೊಳ್ಳಿ.

ತೂತು ಆದ ಮೇಲೆ ಹಲಗೆ ಮಗುಚಿ. ವೂಫರ್‌ನ ಹಿಂದಿನ ಸದ್ದು ಪೆಟ್ಟಿಗೆ ಒಳಗೆ ಹೋಗಬೇಕಾದ್ರೆ 18 ಎಂಎಂ ಉದ್ದದ ಕೊಳವೆ ದಾಟಬೇಕು, ಸಣ್ಣ ವೂಫರ್‌ಗಳಲ್ಲಿ ಫ್ರೇಮಿನ ಕಿಂಡಿಗಳಿಗೆ ಈ ಗೋಡೆ ಅಂಟಿಕೊಂಡೇ ಇರತ್ತೆ, ಉಸಿರು ಕಟ್ಟಿದ ಹಾಗೆ. 45 ಡಿಗ್ರಿ ಚಾಂಫರ್ ಬಿಟ್ಟಲ್ಲಿ ಹಿಂಬದಿ ಅಂಚು ಸವರಿ ಬಾಯಿ ಅಗಲ ಮಾಡಿ. ಸುತ್ತಲೂ ಪೂರ್ತಿ ಸವರಬೇಡಿ, ಸ್ಕ್ರೂ ಬರೋ ನಾಲ್ಕೋ ಆರೋ ಜಾಗದಲ್ಲಿ ಮರ ಹಾಗೇ ಉಳಿಸಿ, ಈಗಾಗಲೇ ಮುಂದಿಂದ 4 ಎಂಎಂ ತೆಗೆದಾಗಿದೆ, ಅಲ್ಲೂ ತೆಳು ಮಾಡಿದ್ರೆ ಸ್ಕ್ರೂ ಹಿಡಿಯೋಕೆ ಏನೂ ಇರಲ್ಲ. ಎಂಡಿಎಫ್‌ಗೆ ಮರದ ಸ್ಕ್ರೂ ಎರಡು ಸಲ ಬಿಚ್ಚಿ ಹಾಕಿದ್ರೆ ತೂತು ಪುಡಿ ಪುಡಿ ಆಗತ್ತೆ, ಹಿಂದಿನಿಂದ ಟೀ ನಟ್ (ಮರಕ್ಕೆ ಕಚ್ಚಿ ಕೂರೋ ಮುಳ್ಳಿನ ನಟ್) ಹಾಕಿ ಬೋಲ್ಟ್ ಹಾಕೋದು ಒಳ್ಳೇದು.

ಹೊರ ಅಂಚಿನ ರೌಂಡೋವರ್ ಪೆಟ್ಟಿಗೆ ಅಂಟಿಸಿ ಒಣಗಿದ ಮೇಲೆ. 18-20 ಎಂಎಂ ತ್ರಿಜ್ಯದ ಬಿಟ್ ಆದ್ರೆ ಟ್ವೀಟರ್‌ನ ಮೇಲಿನ ಫ್ರೀಕ್ವೆನ್ಸಿಗಳಿಗೆ ನಿಜವಾದ ಉಪಯೋಗ ಇದೆ, 3 ಎಂಎಂ ರೌಂಡೋವರ್ ಕೈಗೆ ಮೃದು ಅನ್ನಿಸತ್ತೆ ಅಷ್ಟೆ, ಸದ್ದಿಗೆ ಅದು ಚೂಪು ಅಂಚೇ. ಆದ್ರೆ ಅಷ್ಟು ದೊಡ್ಡ ಬಿಟ್ ಟ್ರಿಮ್ಮರಿಗೆ ಹಾಕಬೇಡಿ, ಅದಕ್ಕೆ ದೊಡ್ಡ ರೂಟರ್, ಅರ್ಧ ಇಂಚಿನ ಕಾಲೆಟ್, ಡಯಲ್ ಕೆಳಗೆ, ನಾಲ್ಕೈದು ಸುತ್ತಲ್ಲಿ ಸ್ವಲ್ಪ ಸ್ವಲ್ಪ ಇಳಿಸ್ಕೊಂಡು ಅಪ್ರದಕ್ಷಿಣೆ. ದೊಡ್ಡ ರೂಟರ್ ಇಲ್ಲದಿದ್ರೆ ಆ ಒಂದು ಕೆಲಸ ಆಚಾರ್ರ ಹತ್ರ ಮಾಡಿಸಿ. ಮತ್ತೆ ಅಂಚಿನ ಒಳಗೆ ಮೊಳೆ ಸ್ಕ್ರೂ ಇಲ್ಲ ಅಂತ ಮೊದಲೇ ಖಾತ್ರಿ ಮಾಡ್ಕೊಳ್ಳಿ.

ಟ್ವೀಟರ್ ಹಲಗೆಯ ಸರಿ ನಡುವೆ ಇಡದೆ ಒಂದು ಕಡೆಗೆ ಸ್ವಲ್ಪ ಸರಿಸಿಡೋದು ಒಳ್ಳೆಯ ಅಭ್ಯಾಸ, ಎರಡೂ ಅಂಚು ಒಂದೇ ದೂರದಲ್ಲಿದ್ರೆ ಎರಡರ ತಡವಾದ ಸದ್ದೂ ಒಂದೇ ಫ್ರೀಕ್ವೆನ್ಸೀಲಿ ಗುಡ್ಡೆ ಬೀಳತ್ತೆ. ಆದ್ರೆ ಹಾಗೆ ಮಾಡಿದಾಗ ಎಡ ಬಲ ಹಲಗೆಗಳು ಕನ್ನಡಿ ಪ್ರತಿಬಿಂಬ ಆಗಬೇಕು. ಎರಡನ್ನೂ ಪಕ್ಕಪಕ್ಕ ಮಲಗಿಸಿ, ಮುಂಬದಿಗೆ ಪೆನ್ಸಿಲ್ಲಲ್ಲಿ ಎಡ, ಬಲ, ಮೇಲೆ ಅಂತ ಬರೆದು ಆಮೇಲೇ ನಡು ಗುರುತು ಹಾಕಿ.

ಕೊರೆದ ಅಂಚುಗಳು ಸ್ಪಂಜಿನ ಹಾಗೆ ಪೇಂಟ್ ಕುಡೀತವೆ, ಮಳೆಗಾಲದಲ್ಲಿ ತೇವಾನೂ ಕುಡೀತವೆ. ಫೆವಿಕಾಲ್‌ಗೆ ನೀರು ಬೆರೆಸಿ ತೆಳುವಾಗಿ ಅಂಚಿಗೆ ಬಳಿದು, ಒಣಗಿದ ಮೇಲೆ ಎದ್ದ ನಾರನ್ನ ಮರಳು ಕಾಗದದಲ್ಲಿ ಉಜ್ಜಿ, ಇನ್ನೊಂದು ಸಲ ಬಳೀರಿ. ಆಮೇಲೆ ಪ್ರೈಮರ್. ಡ್ರೈವರ್ ಕೂರಿಸುವಾಗ ಸ್ಕ್ರೂಗಳನ್ನ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡ್ಕೊಂಡು ಬನ್ನಿ, ಒಂದೇ ಕಡೆ ಪೂರ್ತಿ ಬಿಗಿದ್ರೆ ಫ್ರೇಮ್ ಸೊಟ್ಟಗಾಗತ್ತೆ. ಪೆಟ್ಟಿಗೆ ಪೂರ್ತಿ ಮುಚ್ಚಿದ್ದಾದ್ರೆ, ವೂಫರ್ ಕೋನ್‌ನ ಎರಡು ಕಡೆ ಬೆರಳಿಟ್ಟು ಮೆಲ್ಲಗೆ ಒಳಗೊತ್ತಿ ಬಿಡಿ. ಪಟ್ ಅಂತ ವಾಪಸ್ ಬಂದ್ರೆ ಎಲ್ಲೋ ಗಾಳಿ ಸೋರ್ತಿದೆ, ಗ್ಯಾಸ್ಕೆಟ್ ನೋಡಿ. ತೂಕಡಿಸೋ ಹಾಗೆ ನಿಧಾನಕ್ಕೆ ಬಂದ್ರೆ ತಗ್ಗು, ತೂತು, ಅಂಟು ಮೂರೂ ಸರಿಯಾಗಿ ಕೂತಿವೆ, ವೈರ್ ಕೊಟ್ಟು ಹಾಡು ಹಾಕಿ.